ನಮಗೊಂದು ಟ್ಯೂಬು, ನಮ್ಮ ಡಬ್ಬಕ್ಕೊಂದು ಟ್ಯೂಬು

ಏನೂ ಮಾಡದೆ, ಗಾಳಿ ತುಂಬಿದ ಟ್ಯೂಬಿನಲ್ಲಿ ಸುಮ್ನೆ ನದಿ ನೀರಿನ ಮೇಲೆ ಮಲಗೋದಕ್ಕೆ ಎಷ್ಟು ತಯಾರಿ ಬೇಕು? ಟೆಕ್ಸಸ್‌ನಲ್ಲಿರುವ ನಮ್ಮ ಕನ್ನಡದವರನ್ನು ಕೇಳಿ. ಒಂದು ಎಕ್ಸೆಲ್ ಶೀಟು, ಮೂರು ಮನೆಗೂ ಸೇರಿ ಒಂದು ವಾಟ್ಸಾಪ್ ಗುಂಪು, ಆ ಗುಂಪಿನಲ್ಲಿ ಇರಬಾರದವರನ್ನು ಬಿಟ್ಟು ಇನ್ನೊಂದು ಗುಂಪು. ಜುಲೈನಲ್ಲೇ ಗಲಾಟೆ ಶುರು.

ಸಂದರ್ಭ ಲೇಬರ್ ಡೇ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನ. ಮೇ ಒಂದರ ಕಥೆ ಹುಟ್ಟಿದ್ದೇ ಇವರ ಶಿಕಾಗೋದಲ್ಲಿ, 1886ರಲ್ಲಿ. ಆದರೂ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಇವರು ಸೆಪ್ಟೆಂಬರ್ ಇಟ್ಟುಕೊಂಡರು. 1894ರಲ್ಲಿ ರೈಲ್ವೆ ಮುಷ್ಕರ ಜೋರಾಗಿದ್ದಾಗ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಈ ರಜೆಗೆ ಸಹಿ ಹಾಕಿದರು. ವಾರದೊಳಗೆ ಅದೇ ಮುಷ್ಕರ ಮುರಿಯೋಕೆ ಸೈನ್ಯವನ್ನೂ ಕಳಿಸಿದರು. ರಜೆಯ ಜಾತಕವೇ ಹಾಗಿದೆ. ಅವತ್ತು ಲ್ಯಾಪ್‌ಟಾಪಿನವರು ಟ್ಯೂಬಿನ ಮೇಲೆ ತೇಲುತ್ತಾರೆ. ಟ್ಯೂಬಿಗೆ ಗಾಳಿ ತುಂಬುವವರು, ತೇಲಿ ಮುಗಿಸಿದವರನ್ನು ವಾಪಸ್ ಕರೆತರುವ ಶಟಲ್ ಬಸ್ ಓಡಿಸುವವರು, ಕಸ ಹೆಕ್ಕುವವರು ಬೆವರು ಸುರಿಸುತ್ತಾರೆ.

ಹೋಗುವ ಜಾಗ ನ್ಯೂ ಬ್ರೌನ್‌ಫೆಲ್ಸ್. ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೊ ನಡುವೆ, 1845ರಲ್ಲಿ ಜರ್ಮನ್ನರು ಕಟ್ಟಿದ ಊರು. ಅಲ್ಲಿ ಎರಡು ನದಿ. ಒಂದು ಕೊಮಾಲ್. ಊರೊಳಗಿನ ಚಿಲುಮೆಯಲ್ಲಿ ಹುಟ್ಟಿ, ನಾಲ್ಕು ಕಿಲೋಮೀಟರ್ ಹರಿದು, ಅದೇ ಊರಲ್ಲಿ ಗ್ವಾಡಲೂಪ್ ನದಿಗೆ ಸೇರುತ್ತದೆ. ನೀರು ವರ್ಷವಿಡೀ ಸುಮಾರು 22 ಡಿಗ್ರಿ. ಹೊರಗೆ 38 ಡಿಗ್ರಿ ಬಿಸಿಲು. ಇಷ್ಟು ಸಣ್ಣ, ಇಷ್ಟು ತಣ್ಣನೆಯ ನದಿಗೆ ಅರ್ಧ ಟೆಕ್ಸಸ್ ಒಂದೇ ದಿನ ಇಳಿದರೆ ಏನಾಗುತ್ತೆ? ಸಿಲ್ಕ್ ಬೋರ್ಡ್ ಜಂಕ್ಷನ್ ಆಗುತ್ತೆ. ಇಲ್ಲಿ ಹಾರ್ನ್ ಇಲ್ಲ, ಕಾಲಲ್ಲಿ ಒದೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಎರಡನೆಯದು ಗ್ವಾಡಲೂಪ್. ಅದರ ನೀರು ಮೇಲಿನ ಕ್ಯಾನ್ಯನ್ ಡ್ಯಾಮಿನವರ ಕೈಯಲ್ಲಿದೆ. ಇಲ್ಲಿಗೆ ಬಂದ ಮೇಲೆ ನಮ್ಮವರಿಗೆ ಹಳೇ ಕಾಯಿಲೆ ಮರುಕಳಿಸುತ್ತದೆ. ದಿನಾ ಬೆಳಗ್ಗೆ ಕಾಫಿ ಜೊತೆ ಡ್ಯಾಮಿನ ಹೊರಹರಿವು ನೋಡುವುದು. ಬರಗಾಲದ ಬೇಸಿಗೆಯಲ್ಲಿ ಅದು ನೂರು ಕ್ಯೂಸೆಕ್‌ಗಿಂತ ಕೆಳಗೆ ಇಳಿದಿರುತ್ತದೆ. ಮಂಡ್ಯದಿಂದ ಆರು ತಿಂಗಳಿಗೆಂದು ಬಂದ ಮಾವನವರಿಗೆ ಈ ಅಂಕಿ ಕೇಳಿದರೆ ನಗು. 2016ರಲ್ಲಿ ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ಕಾವೇರಿ ನೀರು ಬಿಡಿ ಅಂತ ಹೇಳಿದ್ದು ಸೆಪ್ಟೆಂಬರ್ 5ರಂದು. ಅವತ್ತು ಇಲ್ಲಿ ಲೇಬರ್ ಡೇ. ಅಲ್ಲಿ ಹೆದ್ದಾರಿಯಲ್ಲಿ ಟೈರಿಗೆ ಬೆಂಕಿ ಹಚ್ಚುತ್ತಿದ್ದರು. ಇಲ್ಲಿ ಟೈರಿನ ಟ್ಯೂಬಿನ ಮೇಲೆ ಕೂತು ಸನ್‌ಸ್ಕ್ರೀನ್ ಹಚ್ಚುತ್ತಿದ್ದರು.

"ಅಲ್ಲ ಅಳಿಯಂದ್ರೇ, ನೂರು ಕ್ಯೂಸೆಕ್ ನಮ್ಮ ನಾಲೆಗೇ ಸಾಲದು. ಇದರಲ್ಲಿ ಯಾರನ್ನ ತೇಲಿಸ್ತೀರಿ?" ಅಂತಾರೆ ಮಾವ. ತಾಂತ್ರಿಕವಾಗಿ ಅವರ ಮಾತು ಸರಿ. ನೀರು ಕಮ್ಮಿಯಾದಾಗ ಟ್ಯೂಬು ಕಲ್ಲಿಗೆ ಕೂರುತ್ತದೆ. ಆಗ ಎದ್ದು, ಟ್ಯೂಬನ್ನು ಹೆಗಲಿಗೇರಿಸಿ, ಮೊಣಕಾಲುದ್ದದ ನೀರಲ್ಲಿ ನಡೆಯಬೇಕು. ನಡೆಯೋದಕ್ಕೂ ಬಾಡಿಗೆ ಅಷ್ಟೇ.

ಗ್ವಾಡಲೂಪ್ ಮೇಲೆ ಹಾರ್ಸ್‌ಶೂ ಅಂತ ಒಂದು ತಿರುವಿದೆ. ನದಿ ಲಾಳದಂತೆ ಸುತ್ತಿ, ಹೊರಟ ಜಾಗದ ಹತ್ತಿರಕ್ಕೇ ವಾಪಸ್ ಬರುತ್ತದೆ. ಗಂಟೆಗಟ್ಟಲೆ ತೇಲಿ ನೀವು ತಲುಪುವುದು ಕಾರು ನಿಲ್ಲಿಸಿದ ಜಾಗದಿಂದ ನಡೆದುಹೋಗುವಷ್ಟು ದೂರದಲ್ಲಿ. ನಮ್ಮ ಕಡೆ ಇದಕ್ಕೆ ಪ್ರದಕ್ಷಿಣೆ ಅಂತಾರೆ. ದುಡ್ಡು ತಗೊಳ್ಳಲ್ಲ, ಕೊನೆಗೆ ಪ್ರಸಾದವೂ ಉಂಟು.

ಇನ್ನು ನಿಯಮಗಳಿಗೆ ಬರೋಣ. ಇದೇ ಅಸಲಿ ಮನರಂಜನೆ.

2011ರಲ್ಲಿ ನ್ಯೂ ಬ್ರೌನ್‌ಫೆಲ್ಸ್ ನಗರಸಭೆ ನದಿಯ ಮೇಲೆ ಬಿಸಾಡುವ ಡಬ್ಬಿ, ಬಾಟಲಿಗಳನ್ನು ನಿಷೇಧಿಸಿತು. ಬಿಯರಿಗೆ ಅಡ್ಡಿಯಿಲ್ಲ, ಬಿಯರ್ ಕ್ಯಾನಿಗೆ ಮಾತ್ರ ಅಡ್ಡಿ. ಊರಿನ ಮತದಾರರೂ ಅದೇ ವರ್ಷ ಮತ ಹಾಕಿ ಒಪ್ಪಿದರು. ವ್ಯಾಪಾರಿಗಳಿಗೆ ಕೋಪ ಬಂತು. 'ಸ್ಟಾಪ್ ದಿ ಆರ್ಡಿನೆನ್ಸಸ್ ಪ್ಲೀಸ್' ಅನ್ನೋ ಗುಂಪಿನ ಹೆಸರಲ್ಲಿ ಕೋರ್ಟಿಗೆ ಹೋದರು. ನಿಲ್ಲಿಸಿ ಅನ್ನೋದರ ಜೊತೆ ದಯವಿಟ್ಟು ಅಂತಲೂ ಸೇರಿಸಿದ ಆ ಸೌಜನ್ಯ ನೋಡಿ. 2014ರಲ್ಲಿ ಕೋರ್ಟು ನಿಷೇಧ ಸಂವಿಧಾನಬಾಹಿರ ಅಂತು. 2017ರಲ್ಲಿ ಮೇಲಿನ ಕೋರ್ಟು, ಈ ಕೇಸು ಕೇಳುವ ಅಧಿಕಾರವೇ ಕೆಳಗಿನ ಕೋರ್ಟಿಗೆ ಇರಲಿಲ್ಲ ಅಂತು. ನಿಷೇಧ ವಾಪಸ್ ಬಂತು. ಇಷ್ಟೂ ವರ್ಷ ಘನ ನ್ಯಾಯಾಲಯಗಳ ಮುಂದೆ ನಿಂತಿದ್ದು ಒಂದು ಖಾಲಿ ಬಿಯರ್ ಕ್ಯಾನು.

ಮಜಾ ಅಂದರೆ ಇದು ಊರಿನ ಗಡಿಯೊಳಗೆ ಮಾತ್ರ. ಅದೇ ಗ್ವಾಡಲೂಪ್, ಅದೇ ನೀರು, ಅದೇ ಕ್ಯಾನು; ಗಡಿಗಿಂತ ಮೇಲೆ ಕಾನೂನುಬದ್ಧ, ಕೆಳಗೆ ಬಂದರೆ ಅಪರಾಧ. ನೀರಿಗೆ ಗಡಿ ಗೊತ್ತಿಲ್ಲ. ಖಾಲಿ ಕ್ಯಾನಿಗೂ ಗೊತ್ತಿಲ್ಲ, ಅದು ತಾನಾಗಿ ತೇಲಿಕೊಂಡು ಬರುತ್ತೆ.

ಊರೊಳಗೆ ಕೂಲರಿಗೂ, ಅಂದರೆ ತಿನ್ನೋದು ಕುಡಿಯೋದನ್ನು ತಣ್ಣಗಿಡುವ ಐಸ್ ಡಬ್ಬಕ್ಕೂ, ಅಳತೆ ಇದೆ. ತಲೆಗೊಂದು, ಹದಿನೈದು ಲೀಟರಿಗಿಂತ ದೊಡ್ಡದಿರಬಾರದು. ತಲೆಗೊಂದು ಅಂದ ಕೂಡಲೇ ನಮ್ಮವರ ತಲೆ ಓಡಿತು. ರೇಷನ್ ಕಾರ್ಡು ನೋಡಿದ ಜನ ಅಲ್ವಾ? ಹಾಲು ಕುಡಿಯುವ ಮಗುವಿನ ಹೆಸರಲ್ಲಿ ಚಿಕ್ಕಪ್ಪನ ಬಿಯರು ಬಂತು. ಏಕಾದಶಿ ಮಾಡುವ ಅತ್ತೆಯ ಹೆಸರಲ್ಲಿ ಇನ್ನೊಂದು ಕೂಲರು. ಕೂಲರ್ ನೀರಲ್ಲಿ ಮುಳುಗಬಾರದಲ್ಲ, ಅದಕ್ಕೆ ಬೇರೆ ಟ್ಯೂಬು. ಅದಕ್ಕೂ ಬಾಡಿಗೆ. ಡಬ್ಬಕ್ಕೆ ಬಾಡಿಗೆ ಸೀಟು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು, ಹಗ್ಗ ಕಟ್ಟಿ, ಕಣ್ಣಿಟ್ಟು ಕಾಯುತ್ತಾರೆ. ಮಗುವನ್ನು ಅಷ್ಟು ಕಾಯುತ್ತಾರೋ ಇಲ್ಲವೋ, ದೇವರೇ ಬಲ್ಲ.

ಐದು ಔನ್ಸ್, ಅಂದರೆ ಸುಮಾರು 150 ಮಿಲಿ ಅಥವಾ ಅದಕ್ಕಿಂತ ಕಡಿಮೆ ಹಿಡಿಸುವ ಪುಟ್ಟ ಡಬ್ಬಿಗಳೂ ನಿಷಿದ್ಧ. ಹುಡುಗರು ಅದರಲ್ಲಿ ಮದ್ಯ ಬೆರೆಸಿದ ಜೆಲ್ಲಿ ತರುತ್ತಾರೆ ಅನ್ನೋದು ಕಾರಣ. ಅತ್ತೆಗೆ ಇದನ್ನು ವಿವರಿಸುವ ಕೆಲಸ ಅಳಿಯನ ಪಾಲಿಗೆ ಬಂತು. ಚಿತ್ರಾನ್ನ, ಮೊಸರನ್ನ ತುಂಬಿದ ಅವರ ಸ್ಟೀಲ್ ಡಬ್ಬಿಗಳೆಲ್ಲ ಪಾಸು. ತೊಳೆದು ಮತ್ತೆ ಬಳಸುವ ಡಬ್ಬಿ ತನ್ನಿ ಅಂತ ನಗರಸಭೆ ವರ್ಷಗಟ್ಟಲೆ ಕೇಸು ನಡೆಸಿದ್ದನ್ನು, ಇವರು ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದಿದ್ದಾರೆ. ಆದರೆ ಉಪ್ಪಿನಕಾಯಿ ಡಬ್ಬಿ ಅಳತೆಯಲ್ಲಿ ಸಿಕ್ಕಿಬಿತ್ತು.

"ಉಪ್ಪಿನಕಾಯಿ ತಿಂದು ಯಾರಿಗಪ್ಪಾ ನಶೆ ಏರುತ್ತೆ?" ಅಂದರು ಅತ್ತೆ.

"ಡಬ್ಬಿ ಸಣ್ಣದಾಯ್ತು ಅತ್ತೆ. ದೊಡ್ಡದರಲ್ಲಿ ತಂದರೆ ಪರವಾಗಿಲ್ಲ."

ಹಾಗಾಗಿ ಮೂರು ಮನೆಯವರಿಗೆ ದಸರಾವರೆಗೂ ಸಾಲುವಷ್ಟು ಮಾವಿನಕಾಯಿ ಉಪ್ಪಿನಕಾಯಿ ನದಿಯ ಮೇಲೆ ತೇಲಿತು. ಕಾನೂನು ಸಂತೃಪ್ತವಾಯಿತು.

ಕೊಮಾಲ್ ಚಿಲುಮೆ 1956ರ ಬರದಲ್ಲಿ ತಿಂಗಳುಗಟ್ಟಲೆ ಬತ್ತಿಹೋಗಿತ್ತು. ಫೌಂಟನ್ ಡಾರ್ಟರ್ ಅನ್ನುವ ಬೆರಳುದ್ದವೂ ಇಲ್ಲದ, ಅಳಿವಿನಂಚಿನ ಮೀನು ಆ ಹೊತ್ತಿಗೆ ಆ ನದಿಯಿಂದ ಕಣ್ಮರೆಯಾಗಿ, ಆಮೇಲೆ ಮತ್ತೆ ತಂದು ಬಿಟ್ಟಿದ್ದರಿಂದ ಈಗ ಅಲ್ಲಿ ಬದುಕಿದೆ. ಇಷ್ಟೆಲ್ಲ ಕಾನೂನಿದ್ದರೂ ಅದರ ತಲೆಯ ಮೇಲೆ ಬೀಳುವುದು ಕಪ್ಪು ಕನ್ನಡಕ, ಒಂಟಿ ಚಪ್ಪಲಿ, ಆಗಾಗ ಒಂದು ಐಫೋನು. ಇವುಗಳನ್ನು ಬಿಸಾಡುವ ವಸ್ತು ಅಂತ ನಗರಸಭೆ ಇನ್ನೂ ಘೋಷಿಸಿಲ್ಲ.

ಬುದ್ಧಿವಂತರು ಹೇಳುತ್ತಾರೆ, ಸೋಮವಾರ ಯಾಕೆ ಹೋಗ್ತೀರಿ, ಮಂಗಳವಾರ ಹೋಗಿ, ನದಿ ಖಾಲಿ ಇರುತ್ತೆ ಅಂತ. ನಿಜ. ಆದರೆ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಎಲ್ಲರಿಗೂ ಮೀಟಿಂಗು. ಬಿಸಿಲಿಗೆ ಸುಟ್ಟು ಕೆಂಪಾದ ಮುಖಕ್ಕೆ ಕ್ಯಾಮೆರಾ ಆಫ್ ಮಾಡಿಕೊಂಡು, ರಜೆ ಹೇಗಿತ್ತು ಅಂದರೆ ತುಂಬಾ ರಿಲ್ಯಾಕ್ಸ್ ಆಯ್ತು ಅನ್ನಬೇಕು. ಅಲ್ಲದೆ ಲೇಬರ್ ಡೇ ಮುಗಿದರೆ ಸೀಸನ್ ಮುಗಿಯಿತು. ವಾರದ ದಿನಗಳಲ್ಲಿ ಬಹಳಷ್ಟು ಶಟಲ್ ಬಸ್ಸುಗಳು ಓಡುವುದಿಲ್ಲ. ಕಾರ್ಮಿಕರ ದಿನ ಪೂರ್ತಿ ದುಡಿದ ಡ್ರೈವರಿಗೆ ಮಂಗಳವಾರದಿಂದ ರಜೆ. ಅವನ ಸಂಬಳಕ್ಕೂ.