ಅರ್ಜಿ ಅಲ್ಲಿ, ಓಡಾಟ ಇಲ್ಲಿ

ವಿದೇಶದಲ್ಲಿರುವ ನಮ್ಮ ಮಕ್ಕಳು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಕೈಗೆ ಬಂದ ದಿನ ಅದರ ಫೋಟೋ ಹಾಕ್ತಾರೆ. ಕೆಳಗೆ ಸಾಲು ಸಾಲು ಅಭಿನಂದನೆ. ಸಂತೋಷ. ಅದಕ್ಕಾಗಿ ಉಡುಪಿಯಲ್ಲೋ ಕಾರ್ಕಳದಲ್ಲೋ ಮಂಗಳೂರಿನಲ್ಲೋ ಒಬ್ಬ ಅಪ್ಪ, ಒಬ್ಬಳು ಅಕ್ಕ ಇಲ್ಲವೇ ಒಬ್ಬ ಸೋದರಮಾವ ಬಿಸಿಲಲ್ಲಿ ಓಡಾಡಿರುತ್ತಾರಲ್ಲ, ಅವರ ಸುದ್ದಿ ಯಾರೂ ಬರೆಯುವುದಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ. ನ್ಯೂಜೆರ್ಸಿಯ ತಮ್ಮನ ಪಾಲಿಗೆ ಆ ಅಕ್ಕ ನಾನು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೇನೆ. ನಮ್ಮಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡವನಿಗೆ ಇಲ್ಲಿಯದು ಹೋಯಿತು, 1955ರ ಪೌರತ್ವ ಕಾಯ್ದೆಯಲ್ಲಿ ಹಾಗೇ ಉಂಟು. ಆಮೇಲೆ ಸ್ವಂತ ಮನೆಗೆ ಬರುವುದಕ್ಕೂ ವೀಸಾ ಬೇಕು. ಆ ತಲೆನೋವು ಬೇಡ ಎನ್ನುವವರಿಗೆ ಓಸಿಐ. ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. 2005ರ ಕೊನೆಗೆ ಶುರುವಾದದ್ದು. ಭಾರತ ಮೂಲದವರಿಗೆ ಮೊದಲಿದ್ದ ಪಿಐಒ ಕಾರ್ಡನ್ನು 2015ರಲ್ಲಿ ಇದರೊಳಗೇ ಸೇರಿಸಿದರು. ಗಲ್ಫಿನಲ್ಲಿ ಆಯುಷ್ಯ ಪೂರ್ತಿ ದುಡಿದವರಿಗೆ ಈ ತಾಪತ್ರಯ ಇಲ್ಲ, ಅಲ್ಲಿ ಪೌರತ್ವ ಸಿಗುವುದೇ ಅಪರೂಪ. ನಮ್ಮ ಕೇರಿಯಲ್ಲಿ ದುಬೈ ಮನೆಯವರು ನಿಶ್ಚಿಂತೆ, ಅಮೆರಿಕ ಮನೆಯವರಿಗೆ ಮಂಡೆಬಿಸಿ.

ಅರ್ಜಿ ಕಷ್ಟ ಏನಲ್ಲ. ಎಲ್ಲ ಆನ್‌ಲೈನ್. ಎ ಭಾಗ, ಬಿ ಭಾಗ ಅಂತ ಎರಡು ತುಂಬಬೇಕು. ಫೋಟೋ ಚೌಕವಾಗಿರಬೇಕು. ಸಹಿ ಹಾಕಲು ಬಾರದ ಮಗುವಾದರೆ ಹೆಬ್ಬೆಟ್ಟು ಒತ್ತಿಸಬೇಕು. ಶುಲ್ಕ ಅಲ್ಲಿಂದ ಹಾಕಿದರೆ ತಲೆಗೆ 275 ಡಾಲರ್, ಇಲ್ಲೇ ಇದ್ದು ಹಾಕುವವರಿಗೆ 15,000 ರೂಪಾಯಿ. ಮನೆಯಲ್ಲಿ ನಾಲ್ಕು ಜನ ಇದ್ದರೆ 1,100 ಡಾಲರ್. ಕಂಪ್ಯೂಟರ್ ಮುಂದೆ ಕೂರುವ ಈ ಭಾಗವನ್ನೆಲ್ಲ ತಮ್ಮ ಒಂದು ಶನಿವಾರ ಕೂತು ಮುಗಿಸಿದ. ಮುಗಿಸಿ ಫೋನ್ ಮಾಡಿದ. "ಅಕ್ಕಾ, ಒಂದೆರಡು ಪೇಪರ್ ಬೇಕಿತ್ತು."

ಆ ಒಂದೆರಡು ಪೇಪರಿನ ಕಥೆಯೇ ಈ ಬರಹ.

ಮಕ್ಕಳ ಅರ್ಜಿಗೆ ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್ ಕೇಳುತ್ತಾರೆ. ನಮ್ಮ ಕಡೆ ಮದುವೆಗೆ ಸಾವಿರ ಜನ ಬಂದು ಊಟ ಮಾಡಿ ಹೋಗಿರುತ್ತಾರೆ, ಆಲ್ಬಮ್ ಇರುತ್ತದೆ, ವೀಡಿಯೊ ಇರುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಹಿಂದೆ ಯಾರಿಗೆ ಬೇಕಿತ್ತು ಹೇಳಿ? ತಮ್ಮನದೂ ಹಾಗೇ. ಇದಕ್ಕೆ ಗಂಡ ಹೆಂಡತಿ ಇಬ್ಬರೂ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು, ಜೊತೆಗೆ ಸಾಕ್ಷಿಗಳು. ರಜೆಗೆ ಬಂದಾಗ ಎಳೆದುಕೊಂಡು ಹೋದೆ. ಮದುವೆ ಮಾಡಿಸಿದ ಭಟ್ಟರನ್ನೇ ಸಾಕ್ಷಿಗೆ ಕರೆದೆವು. ಅವರು ಯಾವುದೋ ಗೃಹಪ್ರವೇಶ ಮುಗಿಸಿ ಸ್ಕೂಟರಿನಲ್ಲಿ ಬಂದರು. ಹಣೆಯ ಗಂಧ ಇನ್ನೂ ಒಣಗಿರಲಿಲ್ಲ. ಕನ್ನಡಕ ಮರೆತು ಬಂದಿದ್ದರು, ಗುಮಾಸ್ತರ ಕನ್ನಡಕ ತೆಗೆದುಕೊಂಡು ಸಹಿ ಹಾಕಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಎಂತ ಮಾರಾಯ, ಅಗ್ನಿ ಸಾಕ್ಷಿ ಸಾಲದು ಅಂತಾಯ್ತಾ ನಿಮ್ಮ ಅಮೆರಿಕದವರಿಗೆ?" ಅಂದರು. ಕೇಳಿದ್ದು ನಮ್ಮದೇ ಸರಕಾರ ಅಂತ ಅವರಿಗೆ ಹೇಳಲು ಹೋಗಲಿಲ್ಲ.

ಮದುವೆಯದು ಮುಗಿದರೆ ಹೆಸರಿನದು ಶುರು. ಕರಾವಳಿಯಲ್ಲಿ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ರಾವ್, ಇನ್ನೊಬ್ಬ ಭಟ್ ಇರುವುದು ಹೊಸತೇನಲ್ಲ. ಶಾಲೆಗೆ ಸೇರಿಸಿದ ದಿನ ಮಾಷ್ಟ್ರು ಏನು ಬರೆದರೋ ಅದೇ ಖಾಯಂ. ನಮ್ಮ ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ ಜೊತೆ ಇದೆ. ತಮ್ಮನ ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ ಬಿಚ್ಚಿಕೊಂಡು ಊರಿನ ಹೆಸರಾಗಿ ಮೊದಲಿಗೆ ಕೂತಿದೆ. ಜಾಗದ ಆರ್‌ಟಿಸಿಯಲ್ಲಿ ಕೊನೆಗೆ ರಾವ್ ಸೇರಿದೆ. ಮೂರೂ ಒಬ್ಬರೇ ಅಂತ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಬೇಕಾಯಿತು. ಇದು ನಮ್ಮ ಮನೆಯದಷ್ಟೇ ಅಲ್ಲ. ಪಕ್ಕದ ಡಿಸೋಜರ ಮನೆಯಲ್ಲಿ ಮೊಮ್ಮಗುವಿನ ಜನನ ಪತ್ರದಲ್ಲಿ ಡಿ ಆದ ಮೇಲೆ ಮೇಲೊಂದು ಚುಕ್ಕೆಯಂಥ ಅಪೋಸ್ಟ್ರೊಫಿ, ಅಜ್ಜನ ಪಾಸ್‌ಪೋರ್ಟಿನಲ್ಲಿ ಅದು ಇಲ್ಲ. ಬಂಟರ ಮನೆಗಳಲ್ಲಿ ತಾಯಿ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕಾರಣ ಕೆಲವರಿಗೆ ತಾಯಿ ಕಡೆಯ ಹೆಸರು, ಕೆಲವರಿಗೆ ತಂದೆ ಕಡೆಯದು. ನಮಗೆ ಇದೆಲ್ಲ ಸಹಜ. ದೂರದ ಆಫೀಸಿನಲ್ಲಿ ಕಾಗದ ನೋಡುವವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವನಿಗೆ ಅಕ್ಷರ ಹೊಂದಬೇಕು, ಅಷ್ಟೇ. ಅವನನ್ನು ಬೈದು ಪ್ರಯೋಜನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೂ ಕಷ್ಟ ಅಜ್ಜನ ಮೂಲಕ ಅರ್ಜಿ ಹಾಕುವವರದು. 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದ ಪ್ರಜೆಯಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳವರೆಗೂ ಓಸಿಐ ಕೇಳಬಹುದು. ಕೇಳಲು ಚೆಂದ. ಆದರೆ ನಮ್ಮ ಅಜ್ಜಂದಿರಲ್ಲಿ ಪಾಸ್‌ಪೋರ್ಟ್ ಮಾಡಿಸಿದವರು ಎಷ್ಟು ಜನ? ಮನೆಯಲ್ಲೇ ಹೆರಿಗೆ, ಜನನ ಪತ್ರ ಎಲ್ಲಿಂದ ಬರಬೇಕು? ನನ್ನ ಪರಿಚಯದ ಒಬ್ಬರು ಅಜ್ಜ ಓದಿದ ಶಾಲೆಯ ದಾಖಲಾತಿ ಪುಸ್ತಕ ಹುಡುಕಿಸಿ, ಜಾಗದ ಹಳೇ ಕಾಗದ ತೆಗೆಸಿ, ತಾಲೂಕು ಆಫೀಸಿನಿಂದ ವಾಸಸ್ಥಳದ ಪತ್ರ ಮಾಡಿಸಿ ಕಳಿಸಿದರು. ಅದರ ಮೇಲೆ ಒಂದು ವಿವರಣೆಯನ್ನೂ ಕೊಡಬೇಕಾಯಿತು. ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡದಲ್ಲಿ. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆ. ಅಜ್ಜನ ಮನೆ ಮಾತ್ರ ಒಂದು ಗೇಣೂ ಅತ್ತಿತ್ತ ಸರಿದಿಲ್ಲ!

ಹಾಗಾಗಿ ಹಳೇ ಕಾಗದ ಎಸೆಯಬೇಡಿ ಮಾರಾಯ್ರೆ. ಮುಖ್ಯವಾಗಿ ರದ್ದಾದ ಹಳೇ ಪಾಸ್‌ಪೋರ್ಟ್. ವಿದೇಶಿ ಪೌರತ್ವ ತೆಗೆದುಕೊಂಡವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರಂಡರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಸುಮ್ನೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ದಂಡ ಬೀಳುತ್ತದೆ. ರದ್ದು ಮಾಡಿ ವಾಪಸ್ ಕೊಟ್ಟ ಪುಸ್ತಕ ಇದೆಯಲ್ಲ, ನಾಳೆ ಮಕ್ಕಳಿಗೆ ಅದೇ ಆಧಾರ. ನವರಾತ್ರಿಗೆ ಕಪಾಟು ಕ್ಲೀನ್ ಮಾಡುವ ಉಮೇದಿನಲ್ಲಿ ಅದನ್ನು ರದ್ದಿಗೆ ಹಾಕಿದ ಮನೆಗಳು ನನಗೆ ಗೊತ್ತು.

ಏಜೆಂಟರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅರ್ಜಿ ತುಂಬಿಕೊಡಲು ಒಬ್ಬರು ಕೇಳಿದ ಮೊತ್ತಕ್ಕೆ ಊರಿಗೆ ಒಂದು ಟಿಕೆಟ್ ಬರುತ್ತಿತ್ತು. ತುಂಬಲು ಬೇಕಾದದ್ದು ಓದು ಬರಹ ಮತ್ತು ತಾಳ್ಮೆ. ಓಡಾಟ ಹೇಗೂ ನಮ್ಮದೇ.

"ದೇಶ ಬಿಟ್ಟವರಿಗೆ ಯಾಕೆ ಇಷ್ಟು ಉಪಚಾರ?" ಅಂತ ಕೇಳುವವರೂ ನಮ್ಮಲ್ಲಿದ್ದಾರೆ. ಓಸಿಐಯವರಿಗೆ ಎಲ್ಲವನ್ನೂ ಕೊಟ್ಟಿಲ್ಲ ಅಂತ ಅವರಿಗೆ ಗೊತ್ತಿರಲಿ. ವೋಟು ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ನನಗೆ ಅದು ಸರಿ ಅನ್ನಿಸುತ್ತದೆ. ಇಲ್ಲಿಯ ರಸ್ತೆಯ ಗುಂಡಿಯಲ್ಲಿ ದಿನಾ ಬೀಳುವವರು ನಾವು, ಆರಿಸುವವರೂ ನಾವೇ ಆಗಬೇಕು. ಸಂಶೋಧನೆಗೆ ಅಂತ ಬಂದರೆ ಬೇರೆ ಅನುಮತಿ ಬೇಕು. ಊರಿನ ದೈವದ ಕೋಲಕ್ಕೆ ಬಂದು ಪ್ರಸಾದ ತೆಗೆದುಕೊಳ್ಳಬಹುದು, ಅದೇ ಕೋಲದ ಮೇಲೆ ಪಿಎಚ್‌ಡಿ ಮಾಡುವುದಾದರೆ ಮೊದಲು ಕೇಳಬೇಕು. ಇದು ಮಾತ್ರ ನನಗೆ ಅತಿಯಾಯಿತು ಅನ್ನಿಸುತ್ತದೆ.

ಮಣಿಪಾಲದ ಹತ್ತಿರ ಇರುವವರಿಗೆ ಇನ್ನೊಂದು ವಿಷಯ ಬೇಗ ಕಿವಿಗೆ ಬೀಳುತ್ತದೆ. ಓಸಿಐ ಮಕ್ಕಳು ಮೆಡಿಕಲ್ ಸೀಟಿನ ನೀಟ್ ಪರೀಕ್ಷೆ ಬರೆಯಬಹುದು, ಆದರೆ 2021ರ ಮಾರ್ಚಿನ ಅಧಿಸೂಚನೆ ಪ್ರಕಾರ ಅವರಿಗೆ ಎನ್‌ಆರ್‌ಐ ಕೋಟಾದ ಸೀಟು ಮಾತ್ರ. ಅದಕ್ಕೂ ಮೊದಲೇ ಕಾರ್ಡ್ ಇದ್ದವರಿಗೆ ಈ ನಿಯಮ ಹಚ್ಚುವಂತಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸದಾಗಿ ಕಾರ್ಡ್ ಮಾಡಿಸುವ ಅಪ್ಪ ಅಮ್ಮ ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಲಿ.

ಜಾಗದ ವಿಷಯದಲ್ಲಂತೂ ನಮ್ಮವರು ತುಂಬಾ ಅಂದಾಜಿನಲ್ಲಿ ನಡೆಯುತ್ತಾರೆ. ಓಸಿಐ ಇದ್ದವರು ಮಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಅಡಿಕೆ ತೋಟ, ಗದ್ದೆ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರುವುದಾದರೆ ಇಲ್ಲೇ ವಾಸವಿರುವ ಭಾರತದ ಪ್ರಜೆಗೇ ಮಾರಬೇಕು. ದಾನಪತ್ರ ಮಾಡಿ ತೋಟ ಕೊಟ್ಟರೂ ನಡೆಯುವುದಿಲ್ಲ. "ಮಗನ ಹೆಸರಿಗೆ ಈಗಲೇ ಗಿಫ್ಟ್ ಮಾಡಿಬಿಡುವ" ಅಂತ ಹೊರಟಿದ್ದ ಒಬ್ಬ ಮಾವನವರನ್ನು ವಕೀಲರ ಹತ್ತಿರ ಕಳಿಸಿ ನಿಲ್ಲಿಸಿದ್ದೇನೆ. ಅಮೆರಿಕದ ಸಂಬಳ ಬಂದು ಇಲ್ಲಿಯ ಗದ್ದೆಗೆ ರೇಟು ಕಟ್ಟಲು ನಿಂತರೆ, ಊರಿನಲ್ಲಿ ಬೇಸಾಯ ಮಾಡುವವನು ಎಲ್ಲಿಗೆ ಹೋಗಬೇಕು? ಇದು ನನ್ನ ತಮ್ಮನಿಗೆ ಅಷ್ಟು ಹಿಡಿಸದ ಮಾತು. ಇರಲಿ.

ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. ಮೊದಲು 20 ವರ್ಷ ವಯಸ್ಸಿನೊಳಗೆ ಪ್ರತಿ ಸಲ ಪಾಸ್‌ಪೋರ್ಟ್ ಬದಲಾದಾಗಲೂ ಕಾರ್ಡ್ ಹೊಸದು ಮಾಡಿಸಬೇಕಿತ್ತು, 50 ದಾಟಿದ ಮೇಲೆ ಇನ್ನೊಮ್ಮೆ. 2021ರಲ್ಲಿ ಅದನ್ನು ಸಡಿಲ ಮಾಡಿದರು. ಈಗ ಪಾಸ್‌ಪೋರ್ಟ್ ಬದಲಾದಾಗ ಹೊಸದರ ಪ್ರತಿ, ಫೋಟೋ ಅಪ್‌ಲೋಡ್ ಮಾಡಿದರಾಯಿತು, ಅದಕ್ಕೆ ಶುಲ್ಕ ಇಲ್ಲ. ಮಗುವಿದ್ದಾಗ ಕಾರ್ಡ್ ಪಡೆದವರು 20 ತುಂಬಿದ ಮೇಲೆ ಪಾಸ್‌ಪೋರ್ಟ್ ಬದಲಿಸಿದಾಗ ಒಮ್ಮೆ ಮಾತ್ರ ಹೊಸ ಕಾರ್ಡ್ ಮಾಡಿಸಬೇಕು. ತಮ್ಮನ ಮಗಳು ಈಗ ಹೈಸ್ಕೂಲು. ಅವಳ ಸರದಿ ಬಂದಾಗ ಹೊಸ ಪಾಸ್‌ಪೋರ್ಟ್, ಹಳೇ ಕಾರ್ಡ್ ಎರಡೂ ಅವಳ ಕೈಯಲ್ಲೇ ಇರುತ್ತವೆ, ಅವಳೇ ಮಾಡಿಕೊಳ್ಳಲಿ. ನನಗೆ ಫೋನ್ ಬಂದರೂ ಮಾವಿನ ಮಿಡಿ ಉಪ್ಪಿನಕಾಯಿಗೆ ಮಾತ್ರ ಬರಬೇಕು.