ಒಂದು ಬೋಲ್ಟ್, ಅರ್ಧ ಮೀಸೆ

ನಮ್ಮ ಮನೆ ಕುಂದಾಪುರದ ಹತ್ತಿರ, ಕಡಲಿನಿಂದ ಒಂದು ಕಿಲೋಮೀಟರು ಈಚೆಗಿದೆ. ರಜೆಗೆ ಬರುವ ಬೆಂಗಳೂರಿನ ನೆಂಟರು ಜಗಲಿಯಲ್ಲಿ ಕುಳಿತು ಕಡಲ ಗಾಳಿಯನ್ನು ಬಾಯಿ ತುಂಬ ಹೊಗಳುತ್ತಾರೆ. ಅವರೇನು ಕಬ್ಬಿಣದಿಂದ ಮಾಡಿದವರಲ್ಲ, ಹೊಗಳಬಹುದು. ಕಬ್ಬಿಣಕ್ಕೆ ಇಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಉಪ್ಪು. ಗೇಟಿಗೆ ಈ ವರ್ಷ ಬಣ್ಣ ಬಳಿಯದಿದ್ದರೆ ಮುಂದಿನ ವರ್ಷ ಬಳಿಯುವುದಕ್ಕೆ ಗೇಟು ಇರುವುದಿಲ್ಲ.

ಹಸುಗಳೆಲ್ಲ ಹೋದ ಮೇಲೆ ಖಾಲಿ ಬಿದ್ದಿದ್ದ ಹಟ್ಟಿಯಲ್ಲಿ ನಾನೊಂದು ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ವೈಸ್ ಇದೆ, ಡ್ರಿಲ್ ಇದೆ, ಗ್ರೈಂಡರ್ ಇದೆ, ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಗೋಡೆಗೆ ತೂಗುಹಾಕಿದ್ದೇನೆ. ಇಷ್ಟಾದರೂ ಹೆಂಡತಿಯ ಬಾಯಲ್ಲಿ ಅದಕ್ಕೆ ಹಟ್ಟಿ ಎಂಬ ಹೆಸರೇ ಉಳಿದಿದೆ. ಯಾರಾದರೂ ಫೋನ್ ಮಾಡಿ ನನ್ನನ್ನು ಕೇಳಿದರೆ, "ಹಟ್ಟಿಯಲ್ಲಿದ್ದಾರೆ, ಕಟ್ಟಿಲ್ಲ, ಕರೆದರೆ ಬರುತ್ತಾರೆ" ಎನ್ನುತ್ತಾಳೆ.

ಕಳೆದ ಚಳಿಗಾಲದಲ್ಲಿ ಬಾವಿಯ ಪಂಪು ದಿನವೂ ಬೆಳಿಗ್ಗೆ ಗಾಳಿ ಎಳೆಯತೊಡಗಿತು. ನೀರು ಹೀರುವ ಕಡೆಯ ಫ್ಲ್ಯಾಂಜಿನ, ಅಂದರೆ ಪೈಪನ್ನು ಪಂಪಿಗೆ ಬೋಲ್ಟು ಹಾಕಿ ಕೂಡಿಸುವ ಚಪ್ಪಟೆ ಅಂಚಿನ, ರಬ್ಬರ್ ವಾಷರ್ ಹೋಗಿತ್ತು. ವಾಷರಿನ ಬೆಲೆ ಒಂದು ಲೋಟ ಚಹಾದಷ್ಟು. ನಾಲ್ಕು ಬೋಲ್ಟ್ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಮತ್ತೆ ನಾಲ್ಕು ಬೋಲ್ಟ್ ಬಿಗಿದರೆ ಮುಗಿಯಿತು. ಮೂರು ಬೋಲ್ಟುಗಳು ಗೊಣಗುತ್ತಲೇ ಬಂದವು. ನಾಲ್ಕನೆಯದು, ಗೋಡೆಯ ಕಡೆಗಿದ್ದದ್ದು, ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಸೀಮೆ ಎಣ್ಣೆ ಈಗ ಸುಲಭಕ್ಕೆ ಸಿಗದ ವಸ್ತು. ತುಕ್ಕು ಬಿಡಿಸುವ ಸ್ಪ್ರೇ ತಂದು ಮೂರು ದಿನ ಹೊಡೆದೆ. ಅಮ್ಮ ತೆಂಗಿನೆಣ್ಣೆ ಹಾಕಲು ಹೇಳಿದಳು. ಅವಳ ಪ್ರಕಾರ ತೆಂಗಿನೆಣ್ಣೆಗೆ ಬಗ್ಗದ ಕಾಯಿಲೆ ಇಲ್ಲ. ಹಾಕಿದೆ. ಇರುವೆ ಬಂದವು. ಕೊನೆಗೆ 17ರ ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ, ಕಾಲನ್ನು ಗೋಡೆಗೆ ಒತ್ತಿ ಎಳೆದೆ. ಏನೋ ತಿರುಗಿತು. ತಿರುಗಿದ್ದು ಬೋಲ್ಟಿನ ತಲೆಯ ಮೇಲೆ ಸ್ಪ್ಯಾನರು. ಆರು ಮೂಲೆಗಳ ತಲೆ ಗೋಲಿಯಂತೆ ಗುಂಡಗಾಯಿತು, ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಬೋಲ್ಟಿನ ಇನ್ನೊಂದು ತುದಿಯ ನೆಟ್ ಇನ್ನೂ ನೆಟ್ಟಗಿತ್ತು ಎಂಬುದೊಂದೇ ಸಮಾಧಾನ.

"ಬೆಂಕಿ ಕೊಡಿ" ಎಂದರು ಪೇಟೆಯ ವೆಲ್ಡಿಂಗ್ ಅಂಗಡಿಯವರು. "ನೆಟ್ಟಿಗೆ ಕೊಡಿ, ಬೋಲ್ಟಿಗೆ ಬೇಡ."

ಅದರ ಹಿಂದಿನ ಲೆಕ್ಕ ಸರಳ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಮೇಲೂ ನೆಟ್ಟಿನ ಒಳಗೂ ಕೊರೆದ ಸುರುಳಿ ಗೆರೆಗಳ, ಅಂದರೆ ಮರೆಗಳ, ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಬಸ್ಸಿನ ಮೂರು ಜನರ ಸೀಟಿನಲ್ಲಿ ಐವರು ಕುಳಿತ ಹಾಗೆ, ಯಾರೂ ಏಳುವಂತಿಲ್ಲ. ನೆಟ್ಟನ್ನು ಕಾಯಿಸಿದರೆ ಅದರ ತೂತು ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಎಷ್ಟು ಹಿಗ್ಗುತ್ತದೆ ಎಂದರೆ, 10 ಮಿಲಿಮೀಟರಿನ ತೂತು 300 ಡಿಗ್ರಿ ಬಿಸಿ ಏರಿದಾಗ ಒಂದು ಮಿಲಿಮೀಟರಿನ ನೂರರಲ್ಲಿ ಮೂರೂವರೆ ಪಾಲಿನಷ್ಟು. ದಪ್ಪ ಕೂದಲೊಂದರ ಅರ್ಧವೂ ಇಲ್ಲ. ಆ ಅರ್ಧ ಕೂದಲಿಗಾಗಿ ನಾನು ಎಷ್ಟು ಕೂದಲು ಕಳೆದುಕೊಂಡೆ ಎಂಬುದು ಮುಂದೆ ಬರುತ್ತದೆ.

ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಕೊಳ್ಳಲು ಹೋದವನಿಗೆ ಅಂಗಡಿಯಲ್ಲಿ ಕಾಣುವುದು ಡಿಗ್ರಿಗಳು. ಒಂದು ಡಬ್ಬಿಯ ಮೇಲೆ 1300, ಪಕ್ಕದ್ದರ ಮೇಲೆ 1500, ಜ್ವಾಲೆಯ ಚಿತ್ರ ಮಾತ್ರ ಎರಡರಲ್ಲೂ ಒಂದೇ. ನಾನು 1500 ಡಿಗ್ರಿಯದನ್ನು ಆರಿಸಿದೆ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯುಟೇನ್ ಡಬ್ಬಿ, ಮೇಲೊಂದು ಪಿಸ್ತೂಲಿನಂತಹ ಮೂತಿ, ಒತ್ತಿದರೆ ಟಕ್ ಎಂದು ನೀಲಿ ಜ್ವಾಲೆ. ಅಂಗಡಿಯಲ್ಲಿ ನಾಲ್ಕು ಸಲ ಹಚ್ಚಿ ಆರಿಸಿ ನೋಡಿದೆ. ಐದನೆಯ ಸಲ ಅಂಗಡಿಯವರು ಮೆಲ್ಲಗೆ ಕಿತ್ತುಕೊಂಡು ಕಟ್ಟಿಕೊಟ್ಟರು.

ಮನೆಗೆ ಬಂದು ನೆಟ್ಟಿಗೆ ಹಿಡಿದೆ. ಹತ್ತು ನಿಮಿಷ ಹಿಡಿದೆ. ಡಬ್ಬಿಯೊಳಗಿನ ದ್ರವ ಆವಿಯಾಗುತ್ತಾ ಹೋದಂತೆ ಡಬ್ಬಿಯೇ ತಣ್ಣಗಾಗಿ ಅದರ ಮೇಲೆ ನೀರಿನ ಹನಿಗಳು ಮೂಡಿದವು, ಜ್ವಾಲೆ ಸೊರಗಿತು. ಗೋಡೆಯ ಸಂದಿಗೆ ತಾಗಲಿ ಎಂದು ಡಬ್ಬಿಯನ್ನು ಓರೆ ಮಾಡಿದರೆ ಗ್ಯಾಸಿನ ಬದಲು ದ್ರವವೇ ನುಗ್ಗಿ ಒಂದು ಮೊಳದ ಹಳದಿ ಜ್ವಾಲೆ ಭುಸ್ಸೆಂದಿತು. ನೆಟ್ ಮಾತ್ರ ಉಗುರು ಬೆಚ್ಚಗೆ ಕುಳಿತಿತ್ತು. ಅಂಗಡಿಯಲ್ಲಿ ಹೊಳೆಯದ ವಿಚಾರ ಅಲ್ಲಿ ಹೊಳೆಯಿತು. ಬ್ಯುಟೇನ್ ಆಗಲಿ ಪ್ರೊಪೇನ್ ಆಗಲಿ, ಗಾಳಿಯಲ್ಲಿ ಉರಿಯುವಾಗ ಜ್ವಾಲೆಯ ಬಿಸಿ ಹೆಚ್ಚು ಕಡಿಮೆ ಒಂದೇ. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಗ್ಯಾಸ್ ಉರಿಯುತ್ತದೆ ಎಂಬುದನ್ನು. ನೆಟ್ ಅಂಟಿಕೊಂಡಿರುವುದು ಫ್ಲ್ಯಾಂಜಿಗೆ, ಫ್ಲ್ಯಾಂಜ್ ಅಂಟಿಕೊಂಡಿರುವುದು ಮಣ ಭಾರದ ಬೀಡುಕಬ್ಬಿಣದ ಪಂಪಿಗೆ. ನಾನು ಮಾಡುತ್ತಿದ್ದದ್ದು ಬಚ್ಚಲ ಹಂಡೆಯ ಕೆಳಗೆ ಊದುಬತ್ತಿ ಹಚ್ಚಿ ಸ್ನಾನಕ್ಕೆ ಕಾದು ಕುಳಿತ ಹಾಗೆ. ನಮ್ಮ ಹಂಡೆಗೆ ನಾಲ್ಕು ಮಡಲು, ಎರಡು ಕೊತ್ತಳಿಗೆ ಬೇಕು ಎಂಬುದು ಹುಟ್ಟಿದಾಗಿನಿಂದ ಗೊತ್ತಿದ್ದವನಿಗೆ ಬೋಲ್ಟಿನ ವಿಷಯದಲ್ಲಿ ಅದು ತೋಚಲಿಲ್ಲ.

ಆ ಟಾರ್ಚನ್ನು ಹೆಂಡತಿ ಅಡುಗೆಮನೆಗೆ ಒಯ್ದಳು. ಅದರಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದಳು. ಗೊಜ್ಜಿಗೆ ಗ್ಯಾಸಿನ ವಾಸನೆ ಇತ್ತು, ನಾನು ಹೇಳಲಿಲ್ಲ.

ಆಗ ನೆನಪಾದದ್ದು ಅಟ್ಟದಲ್ಲಿದ್ದ ಅಪ್ಪನ ಬ್ಲೋ ಲ್ಯಾಂಪ್. ಹಿತ್ತಾಳೆಯದು, ಕಳಸದಷ್ಟು ಗಾತ್ರದ್ದು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಪೂಜೆಗೇ ಇಡಬಹುದಾದಂಥದ್ದು. ಪಕ್ಕದ ಮನೆಯಿಂದ ಅರ್ಧ ಲೀಟರು ಸೀಮೆ ಎಣ್ಣೆ ಬೇಡಿ ತಂದೆ. ಮೊದಲು ಬಟ್ಟಲಲ್ಲಿ ಸ್ಪಿರಿಟ್ ಉರಿಸಿ ಮೂತಿಯನ್ನು ಕಾಯಿಸಬೇಕು, ಆಮೇಲೆ ಪಂಪು ಹೊಡೆಯಬೇಕು, ಕೊಳವೆಯಲ್ಲಿ ಎಣ್ಣೆ ಆವಿಯಾಗಿ ಹೊರಬಂದು ಹೊತ್ತಿಕೊಳ್ಳಬೇಕು. ಹೊತ್ತಿಕೊಂಡಿತು. ಅದರ ಗುಡುಗು ಕೇಳಿ ನನಗೆ ಅಪ್ಪನೇ ಎದ್ದು ಬಂದಂತಾಯಿತು. ಎರಡೂ ಕೈಯಲ್ಲಿ ಹಿಡಿದು, ನೆಟ್ ಕೆಂಪಾಗುವುದನ್ನು ಸರಿಯಾಗಿ ನೋಡಬೇಕೆಂದು ಮುಖವನ್ನು ಹತ್ತಿರಕ್ಕೆ ಒಯ್ದೆ.

ಬೆಳಿಗ್ಗೆ ಅದೇ ನೆಟ್ಟಿಗೆ ಅರ್ಧ ಡಬ್ಬಿ ಸ್ಪ್ರೇ ಹೊಡೆದದ್ದು ಮರೆತೇ ಹೋಗಿತ್ತು. ಆ ಸ್ಪ್ರೇಯಲ್ಲಿ ಇರುವುದೆಲ್ಲ ಉರಿಯುವ ಎಣ್ಣೆಯೇ. ಬೆಂಕಿ ಕೊಡುವವರು ಎಣ್ಣೆ ಹಾಕಬಾರದು, ಹಾಕಿದ್ದರೆ ಚೆನ್ನಾಗಿ ಒರೆಸಿ ಆರಿಸಬೇಕು, ಇದು ಡಬ್ಬಿಯ ಮೇಲೆ ಚಿತ್ರ ಸಮೇತ ಬರೆದಿರುತ್ತದೆ. ಡಬ್ಬಿಯನ್ನು ನಾನು ಓದಿದ್ದು ಮೀಸೆ ಹೋದ ಮೇಲೆ. ಭಗ್ಗೆಂದ ಜ್ವಾಲೆ ಬಂದ ಹಾಗೆಯೇ ಹೋಯಿತು. ಚರ್ಮಕ್ಕೆ ಏನೂ ಆಗಲಿಲ್ಲ, ಬಲಗಡೆಯ ಅರ್ಧ ಮೀಸೆ ಮಾತ್ರ ಸುಟ್ಟ ತೆಂಗಿನ ನಾರಿನಂತೆ ಸುರುಟಿತು. ಅರ್ಧ ಮೀಸೆ ಇಟ್ಟುಕೊಂಡು ಬದುಕುವುದು ಹೇಗೆ? ಉಳಿದರ್ಧವನ್ನೂ ಬೋಳಿಸಿದೆ.

ಮರುದಿನ ಚಿಕ್ಕಮ್ಮನ ಮಗಳ ಮದುವೆ. ಅಮ್ಮನಿಗೆ ಮಂಡಿ ನೋವು, ಹೆಂಡತಿಯ ಕೈ ಹಿಡಿದು ಹಿಂದಿನಿಂದ ನಿಧಾನಕ್ಕೆ ಬರುತ್ತಿದ್ದಳು. ನಾನು ಮೊದಲು ಸಭಾಭವನದ ಒಳಗೆ ಹೋದೆ. ಇಪ್ಪತ್ತೈದು ವರ್ಷ ಮೀಸೆಯೊಂದಿಗೆ ಕಂಡವನು ಬೋಳು ತುಟಿಯಲ್ಲಿ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ದೂರದ ಮಾವನವರೊಬ್ಬರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು.

"ಯಾವಾಗ?" ಎಂದರು.

"ನಿನ್ನೆ ಸಂಜೆ, ಮಾವ."

"ತುಂಬಾ ಕಷ್ಟವಾಯಿತೇ?"

"ಇಲ್ಲ ಇಲ್ಲ. ಎಲ್ಲ ಮುಗಿಯಲು ಒಂದು ಕ್ಷಣವೂ ಹಿಡಿಯಲಿಲ್ಲ."

"ಪುಣ್ಯವಂತೆ" ಎಂದು ಅವರು ಕಣ್ಣು ಒರೆಸಿಕೊಂಡರು. ಮೀಸೆಗೆ ಪುಣ್ಯವಂತೆ ಎನ್ನುತ್ತಾರೆಯೇ ಎಂದು ನಾನು ಯೋಚಿಸುತ್ತಿರುವಾಗಲೇ ನನ್ನನ್ನು ಮಂಟಪದಿಂದ ದೂರಕ್ಕೆ ಸರಿಸುತ್ತಾ, "ಆದರೆ ಸೂತಕ ಇಟ್ಟುಕೊಂಡು ನೀನು ಮದುವೆಯ ಮನೆಗೆ ಬರಬಾರದಿತ್ತು, ಮಾರಾಯ" ಎಂದರು. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, ಚಪ್ಪಲಿ ಬಿಡುತ್ತಾ, ಮೊದಲನೆಯ ಪಂಕ್ತಿಗೆ ಎಲೆ ಹಾಕಿದ್ದಾರೆಯೇ ಎಂದು ಗಟ್ಟಿಯಾಗಿ ವಿಚಾರಿಸಿದಳು. ಮಾವನವರು ನನ್ನ ಕೈ ಬಿಟ್ಟರು. ಆ ದಿನ ವಧೂವರರಿಗಿಂತ ಹೆಚ್ಚು ಜನ ಅಮ್ಮನನ್ನು ನೋಡಿ ಹೋದರು. ಕೆಲವರು ಮುಟ್ಟಿಯೂ ನೋಡಿದರು.

ಇಷ್ಟಾದ ಮೇಲೆ ಬೋಲ್ಟಿಗೂ ನನಗೂ ಇದ್ದದ್ದು ಬರೀ ದುರಸ್ತಿಯ ಸಂಬಂಧವಾಗಿ ಉಳಿಯಲಿಲ್ಲ. ಉದ್ದನೆಯ ರಬ್ಬರ್ ಪೈಪಿನ ಎಲ್‌ಪಿಜಿ ಟಾರ್ಚ್ ತಂದೆ. ಟೆರೇಸಿಗೆ ನೀರು ಸೋರದಂತೆ ಡಾಂಬರಿನ ಹಾಳೆ ಅಂಟಿಸುವವರು ಬಳಸುವ ಜಾತಿಯದು. ಅಡುಗೆಮನೆಯ 14.2 ಕಿಲೋದ ಸಿಲಿಂಡರಿನ ಮೇಲೆ ನನ್ನ ಕಣ್ಣು ಬಿದ್ದದ್ದನ್ನು ಹೆಂಡತಿ ನೋಡಿದಳು. ಮನೆ ಬಳಕೆಯ ಸಿಲಿಂಡರನ್ನು ಅಡುಗೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳ ನೋಟ ಕಾನೂನಿಗಿಂತ ಬಿಗಿಯಾಗಿತ್ತು. 5 ಕಿಲೋದ ಚಿಕ್ಕ ಸಿಲಿಂಡರ್ ಬೇರೆಯೇ ಕೊಂಡೆ. ಅಡುಗೆಮನೆಯ ರೆಗ್ಯುಲೇಟರಿನಿಂದ ಬರುವ ಒತ್ತಡ ದೋಸೆಗೆ ಸಾಕು, ಇದಕ್ಕೆ ಸಾಲದು. ಹೆಚ್ಚು ಒತ್ತಡದ ರೆಗ್ಯುಲೇಟರ್ ತಂದೆ. ವಾಷರಿನ ಒಂದು ಲೋಟ ಚಹಾ ಅಷ್ಟು ಹೊತ್ತಿಗೆ ಇಡೀ ಹೋಟೆಲಿನ ಬಿಲ್ಲಾಗಿತ್ತು.

ಪೈಪನ್ನು ಟಾರ್ಚಿಗೆ ಜೋಡಿಸಲು ಕುಳಿತೆ. ನೆಟ್ ಬಿಗಿಯಾಗಲೇ ಇಲ್ಲ. ತಿರುಗಿಸಿದಷ್ಟೂ ಕಳಚಿ ಕೈಗೆ ಬಂತು. ಬಾವಿಕಟ್ಟೆಯಲ್ಲಿ ಒಂದು ನೆಟ್ ಬಿಚ್ಚುವುದಿಲ್ಲ, ಹಟ್ಟಿಯಲ್ಲಿ ಇನ್ನೊಂದು ಬಿಗಿಯುವುದಿಲ್ಲ. ಮುಕ್ಕಾಲು ಗಂಟೆ ಒದ್ದಾಡಿ ವೆಲ್ಡಿಂಗ್ ಅಂಗಡಿಗೆ ಫೋನ್ ಮಾಡಿದೆ. ಉರಿಯುವ ಗ್ಯಾಸಿನ ಪೈಪುಗಳಿಗೆ ಬೇಕೆಂದೇ ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯುವ ಮರೆ, ಇಡುತ್ತಾರಂತೆ, ಆಕ್ಸಿಜನ್ ಪೈಪನ್ನು ಯಾರೂ ತಪ್ಪಿ ಅಲ್ಲಿ ಸಿಕ್ಕಿಸಬಾರದೆಂದು. ಗುರುತಿಗಾಗಿ ನೆಟ್ಟಿನ ಮೂಲೆಗಳಲ್ಲಿ ಕಚ್ಚು ಹಾಕಿರುತ್ತಾರಂತೆ. ನೋಡಿದೆ, ಕಚ್ಚು ಇತ್ತು. ಅದನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಜೋಡಿಸಿದ ಮೇಲೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲ ಎಂದು ಎರಡೆರಡು ಸಲ ನೋಡಿದೆ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ, ನಮ್ಮ ಪಂಪು ಇರುವುದೂ ತಗ್ಗಿನಲ್ಲೇ. ನನ್ನಲ್ಲಿ ಇನ್ನು ಸುಡಲು ಉಳಿದಿದ್ದದ್ದು ಹುಬ್ಬು.

ಹಚ್ಚಿದೆ. ಎದುರು ಮನೆಯ ನಾಯಿ ಓಡಿಹೋಯಿತು. ಎರಡು ನಿಮಿಷದೊಳಗೆ ನೆಟ್ ಮಂಕು ಕೆಂಪಾಯಿತು. ಆಗ ಪಟಾರ್ ಎಂದು ಗುಂಡು ಹೊಡೆದಂತೆ ಸದ್ದಾಗಿ ಏನೋ ಮೊಣಕಾಲಿಗೆ ಬಡಿಯಿತು. ನೀರು ಕುಡಿದಿದ್ದ ಸಿಮೆಂಟು ಕಟ್ಟೆ ಬಿಸಿಗೆ ಸಿಡಿದಿತ್ತು. ಬೆಂಕಿ ಆರಿಸಿ, ಕೆಂಪು ಇಳಿದು ಸ್ವಲ್ಪ ಆರಿದ ಮೇಲೆ, ಮೇಣದಬತ್ತಿಯನ್ನು ಮರೆಯ ಬಾಯಿಗೆ ಮುಟ್ಟಿಸಿದೆ. ಮೇಣ ಕರಗಿ ಸಂದಿಯೊಳಕ್ಕೆ ತಾನಾಗಿಯೇ ಎಳೆದುಕೊಂಡು ಹೋಯಿತು. ಗುಂಡಗಾದ ತಲೆಯನ್ನು ಪೈಪ್ ರೆಂಚಿನಲ್ಲಿ ಕಚ್ಚಿ ಹಿಡಿದು ನೆಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದೆ. ಕಿರ್ ಎಂದಿತು. ಇನ್ನೊಮ್ಮೆ ಎಳೆದೆ. ತಿರುಗಿತು! ಬೆಣ್ಣೆಯಲ್ಲಿ ತಿರುಗಿದ ಹಾಗೆ, ಒಂದು ಸುತ್ತು, ಎರಡು ಸುತ್ತು. ನಾನು ಎದ್ದು ನಿಂತು ಹೆಂಡತಿಯನ್ನೂ ಅಮ್ಮನನ್ನೂ ಕೂಗಿ ಕರೆದೆ. ಇಬ್ಬರೂ ಓಡಿ ಬಂದರು, ಯಾಕೆಂದರೆ ನಾನು ಕೂಗಿದರೆ ಈಗ ಎಲ್ಲರೂ ಓಡಿ ಬರುತ್ತಾರೆ.

ಅವರು ಬೋಲ್ಟನ್ನು ನೋಡಲಿಲ್ಲ. ನನ್ನ ಹಿಂದೆ ನೋಡುತ್ತಿದ್ದರು.

ಫ್ಲ್ಯಾಂಜಿನಿಂದ ಗೇಣುದ್ದದ ಕಬ್ಬಿಣದ ತುಂಡು, ಅದರಾಚೆ ಬಾವಿಗೆ ಇಳಿಯುವುದೆಲ್ಲ ಪಿವಿಸಿ ಪೈಪು. ಕಬ್ಬಿಣಕ್ಕೆ ಕೊಟ್ಟ ಬಿಸಿ ಕಬ್ಬಿಣದಲ್ಲೇ ಕುಳಿತಿರುತ್ತದೆಯೇ? ಪಿವಿಸಿ ಮೆತ್ತಗಾಗಲು ನೀರು ಕುದಿಯುವಷ್ಟು ಬಿಸಿಯೂ ಬೇಡ. ಪೈಪು ಜೋಡಣೆಯ ಹತ್ತಿರ ಆನೆಯ ಸೊಂಡಿಲಿನಂತೆ ಬಾಗಿ, ನಿಧಾನಕ್ಕೆ ಇನ್ನೂ ಬಾಗಿ, ನಾವು ಮೂವರೂ ನೋಡುತ್ತಿರುವಂತೆಯೇ ಕಳಚಿಕೊಂಡು ತನ್ನ ಕೆಳತುದಿಯ ಫುಟ್ ವಾಲ್ವಿನ ಸಮೇತ ಬಾವಿಗೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಗುಳುಂ ಎಂಬ ಸದ್ದು ಬಂತು.

ಪ್ಲಂಬರು ಬರಲು ನಾಲ್ಕು ದಿನ ಎಂದರು. ಹೆಂಡತಿ ಮಾತಾಡದೆ ಹಗ್ಗ, ಕೊಡಪಾನ ತಂದು ಹಳೆಯ ರಾಟೆಗೆ ಹಾಕಿದಳು. ಹಗ್ಗ ಜಾರಿತು, ರಾಟೆ ತಿರುಗಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ಅದರ ಅಚ್ಚಿನ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸಿಲಿಂಡರಿನಲ್ಲಿ ಇನ್ನೂ ನಾಲ್ಕು ಕಿಲೋಗಿಂತ ಹೆಚ್ಚು ಗ್ಯಾಸ್ ಇತ್ತು. ನಾನು ಟಾರ್ಚಿನ ಕಡೆಗೆ ಒಂದು ಹೆಜ್ಜೆ ಇಟ್ಟೆ, ಒಂದೇ ಹೆಜ್ಜೆ.

"ಅದನ್ನು ಮುಟ್ಟುವುದಾದರೆ ಮೊದಲು ಮೀಸೆ ಬೆಳೆಸಿಕೋ" ಎಂದಳು ಅಮ್ಮ. "ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ನಾನು ಮತ್ತೊಮ್ಮೆ ಸಾಯಲಾರೆ."