ಬಾಗಿಲ ಮೇಲೆ ಊಟ

ನಮ್ಮ ಮನೆಯ ಊಟದ ಮೇಜಿಗೆ ಒಂದು ಚಿಲಕ, ಒಂದು ಬೀಗದ ಕೈ ತೂತು, ಎರಡು ಚಕ್ರಗಳಿವೆ. ತಪ್ಪು ನನ್ನದೇ.

ಚಾಮರಾಜಪೇಟೆಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದರು. ಗೋಡೆಗೆ ಒರಗಿಸಿಟ್ಟ ಬಾಗಿಲನ್ನು ಕಂಡು ಸ್ಕೂಟರ್ ನಿಲ್ಲಿಸಿದೆ. ಗುಜರಿಯವನು ನನ್ನ ಮುಖ ನೋಡಿಯೇ ಬೆಲೆ ಏರಿಸಿರಬೇಕು. “ಬರ್ಮಾ ತೇಗ ಸ್ವಾಮಿ, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ” ಎಂದ. ಕೊಟ್ಟ ದುಡ್ಡಿನಲ್ಲಿ ಅರ್ಧದಷ್ಟನ್ನೇ ಮನೆಯಲ್ಲಿ ಹೇಳಿದೆ. ಸಾಗಿಸಿದ ಗಾಡಿಯ ಬಾಡಿಗೆಯನ್ನಂತೂ ಬಾಯಿಬಿಡಲಿಲ್ಲ.

ತಾರಸಿಯಲ್ಲಿ ಬಣ್ಣ ಕೆರೆಯಲು ಕುಳಿತೆ. ಹಸಿರಿನಡಿ ನೀಲಿ, ನೀಲಿಯಡಿ ಕಂದು, ಅದರಡಿ ಮತ್ತೆ ಹಸಿರು. ಹಳೆಯ ಎಣ್ಣೆಬಣ್ಣದಲ್ಲಿ ವಿಷಕಾರಿ ಸೀಸ ಇರುವ ಸಂಭವ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಅದು 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ದೂಳು ಏಳದಂತೆ ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡು ಕೆರೆಯಬೇಕು. ಮೂಗು ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಸ್ನಾನ ಮಾಡಿಸುತ್ತಿದ್ದ ನನ್ನನ್ನು ಕಂಡು ಎದುರುಮನೆಯವರು ಕಿಟಕಿ ಹಾಕಿಕೊಂಡರು.

ನಾಲ್ಕನೆಯ ಭಾನುವಾರ ಮರ ಕಂಡಿತು. ಹಳದಿ! ಬರ್ಮಾದ ತೇಗ ಅಪ್ಪಟ ಹಲಸಾಗಿತ್ತು.

“ವರ್ಷಕ್ಕೆ ಎಷ್ಟು ಹಣ್ಣು ಬಿಡುತ್ತದಂತೆ?” ಎಂದಳು ಹೆಂಡತಿ.

ವೀಣೆ ಮಾಡುವುದು ಇದೇ ಮರದಲ್ಲಿ ಎಂದು ಗತ್ತಿನಿಂದ ಹೇಳಿದೆ.

“ಹಾಗಾದರೆ ವೀಣೆಯನ್ನೇ ಮಾಡಿ. ಗೋಡೆಗೆ ತೂಗುಹಾಕಬಹುದು, ಜಾಗವಾದರೂ ಉಳಿಯುತ್ತದೆ.”

ಮೇಜಿನ ಕಾಲುಗಳಿಗೆಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋದೆ. ಅಲ್ಲಿ ಒಂಟಿ ಚಪ್ಪಲಿಯಿಂದ ಹಿಡಿದು ಟಿವಿಯಿಲ್ಲದ ರಿಮೋಟ್‌ವರೆಗೆ ಎಲ್ಲವೂ ಸಿಗುತ್ತದೆ. ನನ್ನಂಥವರ ಪಾಲಿಗೆ ಅದು ತೀರ್ಥಕ್ಷೇತ್ರ. ಹೊಲಿಗೆ ಯಂತ್ರದ ಬೀಡುಕಬ್ಬಿಣದ ಸ್ಟ್ಯಾಂಡುಗಳು ಎರಡು ಸಿಕ್ಕವು, ತುಳಿಯುವ ಪೆಡಲ್ ಮತ್ತು ಚಕ್ರದ ಸಮೇತ. ಪೆಡಲ್ ತೆಗೆದುಹಾಕಿ ಎಂದು ಹೆಂಡತಿ ಹೇಳಿದಳು. ಅದೇ ಅಲ್ಲವೇ ಅದರ ಅಂದ ಎಂದೆ ನಾನು. ಬೀಗದ ಕೈ ತೂತನ್ನು ಮುಚ್ಚಿ ಎಂದಳು. ಅದಕ್ಕೂ ಇದೇ ಉತ್ತರ ಕೊಟ್ಟೆ.

ಮೊದಲ ಊಟಕ್ಕೆ ನನ್ನ ಸೋದರಮಾವ ಬಂದರು. ಅವರಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಚಾಳಿ. ಕೋಸಂಬರಿ ಬಡಿಸುವಷ್ಟರಲ್ಲೇ ಅವರ ಪಾದ ಪೆಡಲ್ ಮೇಲೆ ನೆಲೆಸಿತು, ಚಕ್ರ ತಿರುಗತೊಡಗಿತು, ಮೇಜು ಅದುರಿತು. ಅಂಚಿನಲ್ಲಿ ನೇತಾಡುತ್ತಿದ್ದ ಚಿಲಕದ ಸರಪಳಿ ಮರಕ್ಕೆ ಬಡಿದು ಟಕ ಟಕ ಎಂದಿತು. “ಯಾರೋ ಬಂದರು” ಎಂದು ಹೆಂಡತಿ ಮುಂಬಾಗಿಲಿಗೆ ಓಡಿದಳು. ಯಾರೂ ಇರಲಿಲ್ಲ. ಬಂದು ಪಲ್ಯ ಬಡಿಸಿದಳು. ಮತ್ತೆ ಟಕ ಟಕ. ಮೂರನೆಯ ಸಲ ನಾನೇ ಹೋಗಿ ಬೀದಿಯವರೆಗೆ ಇಣುಕಿ ಬಂದೆ. ಪೂರ್ವಜನ್ಮದ ವಾಸನೆ ಮನುಷ್ಯರಿಗೆ ಮಾತ್ರ ಎಂದುಕೊಂಡಿದ್ದೆ, ಹಲಗೆಗೂ ಇರುತ್ತದೆ.

ಅಷ್ಟರಲ್ಲಿ ಸಾರು ಬಂತು. ಅದುರಾಟಕ್ಕೆ ಎಲೆಯಿಂದ ತುಳುಕಿದ ತಿಳಿಸಾರು ಅಂಚಿನ ಕಡೆಗೆ ಹರಿಯುತ್ತದೆಂದು ಎಲ್ಲರೂ ಎಲೆ ಮಡಚಲು ಕೈ ಹಾಕಿದರೆ, ಅದು ನೇರವಾಗಿ ಬೀಗದ ಕೈ ತೂತನ್ನು ಹುಡುಕಿಕೊಂಡು ಹೋಯಿತು. ತೂತಿನ ಕೆಳಗೆ ಮಾವನ ಹೊಸ ಪಂಚೆಯಿತ್ತು.

“ಏನೋ ಇದು, ಮೇಜಿಗೆ ಮೋರಿ ಬೇರೆ ಇಟ್ಟಿದ್ದೀಯಾ?” ಎಂದು ಮಾವ ಎದ್ದು ನಿಂತರು. ಕಾಲು ಮಾತ್ರ ಪೆಡಲ್ ಮೇಲೇ ಇತ್ತು. ಹೀಗಾಗಿ ಮಜ್ಜಿಗೆಯೂ ಉರುಳಿತು.

ಅತ್ತೆಯವರು ಅಲ್ಲಿಯವರೆಗೂ ಮಾತಾಡಿರಲಿಲ್ಲ. ಹೊಸಿಲ ಮೇಲೆ ಕೂರಬಾರದು ಎನ್ನುವ ಮನೆತನದವರು. ಬಾಗಿಲ ಮೇಲೆ ಎಲೆ ಹಾಕಿದ್ದನ್ನು ಹೇಗೋ ನುಂಗಿಕೊಂಡಿದ್ದರು. ಈಗ ಎದ್ದು ಬಂದು, ಬಗ್ಗಿ, ಚಿಲಕದ ಸರಪಳಿಯನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ ಕೊಂಡಿಗೆ ಸಿಕ್ಕಿಸಿದರು. ಚಕ್ರ ನಿಂತಿತು. ಟಕ ಟಕವೂ ನಿಂತಿತು. ತೂತಿಗೆ ಒಂದು ಉಂಡೆ ಹುಣಸೆಹಣ್ಣು ಮೆತ್ತಿದರು. ನಾಲ್ಕು ಭಾನುವಾರ ನನಗೆ ಹೊಳೆಯದ್ದು!

ಅಂದಿನಿಂದ ಯಾರಾದರೂ ಊಟಕ್ಕೆ ಬಂದರೆ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳುತ್ತದೆ: “ರೀ, ಮುಂಬಾಗಿಲು ತೆಗೆಯಿರಿ, ಮೇಜಿನ ಚಿಲಕ ಹಾಕಿ.”